ಗೇಜಿನ ಮುಳ್ಳು ಹಸಿರಿನಲ್ಲೇ ಇತ್ತು, ಸಿಲಿಂಡರ್ ಖಾಲಿಯಾಯಿತು: ಇದು ಹೇಗೆ?

ರೊಟ್ಟಿಮನೆ_ವಿಜಯಪುರ

ಎಲ್ಲರಿಗೂ ನಮಸ್ಕಾರ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ನಮ್ಮ ಮನೆಗೆ ಹನ್ನೊಂದು ಮಂದಿ ಬೀಗರು ಬಂದಿದ್ದರು. ಬೆಳಗಿನ ಆರು ಗಂಟೆಗೆ ಸಜ್ಜೆ ರೊಟ್ಟಿ ಬಡಿಯಲು ಕುಳಿತೆ. ಎಂಟನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಉರಿ ಸಣ್ಣಗಾಗಿ ಆರಿಹೋಯಿತು. ಮನೆಯಲ್ಲಿ ಎರಡನೆಯ ಸಿಲಿಂಡರ್ ಇರಲಿಲ್ಲ, ಬುಕ್ ಕೂಡ ಮಾಡಿರಲಿಲ್ಲ.

ಬುಕ್ ಮಾಡದಿರಲು ಕಾರಣವಿದೆ. ದೀಪಾವಳಿಯಲ್ಲಿ ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು ಒಂದು ಗೇಜ್ ಕೊಂಡಿದ್ದೆವು. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಕೂರಿಸುವಂಥದ್ದು. ಗಡಿಯಾರದಂತಹ ಮುಖ, ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ. ಹಸಿರಿದ್ದರೆ ಗ್ಯಾಸ್ ಸಾಕಷ್ಟಿದೆ, ಹಳದಿಗೆ ಬಂದಾಗ ಬುಕ್ ಮಾಡಿದರೆ ಸಾಕು ಎಂದು ಮಾರಿದವರು ಹೇಳಿದ್ದರು. ಹಿಂದಿನ ರಾತ್ರಿ ಮಲಗುವ ಮುನ್ನ ನೋಡಿದಾಗಲೂ ಮುಳ್ಳು ಹಸಿರಿನಲ್ಲಿತ್ತು.

ಇನ್ನೊಂದು ವಿಚಿತ್ರ. ಈ ಮೂರು ತಿಂಗಳಲ್ಲಿ ಮುಳ್ಳು ಬೆಳಗಿನ ಚಳಿಯಲ್ಲಿ ತುಸು ಇಳಿದು, ಮಧ್ಯಾಹ್ನ ಮತ್ತೆ ಏರುತ್ತಿತ್ತು. ಗ್ಯಾಸ್ ಉರಿಸುತ್ತಲೇ ಇದ್ದೇವೆ, ಆದರೂ ಮಧ್ಯಾಹ್ನ ಹೆಚ್ಚಾಗುತ್ತದೆ ಎಂದರೆ ಏನರ್ಥ? ನಮ್ಮ ಅತ್ತೆಯವರು ಮೊದಲಿನಿಂದಲೂ ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ, ಯಾವ ಭಾಗ ಬೇಗ ಒಣಗುತ್ತದೆ ಎಂದು ನೋಡಿ ಎಷ್ಟು ಉಳಿದಿದೆ ಎಂದು ಹೇಳುತ್ತಿದ್ದರು. ಗೇಜ್ ಬಂದ ಮೇಲೆ ಅವರಿಗೆ ಆ ಕೆಲಸ ಬೇಡವೆಂದೆ. ಅದು ಈಗ ಮನಸ್ಸಿಗೆ ಚುಚ್ಚುತ್ತಿದೆ. ಗೇಜ್ ಕೆಟ್ಟಿದೆಯೇ, ಅಥವಾ ಬೇರೆ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಖಾನಾವಳಿ_ಬೆಳಗಾವಿ

ಅಕ್ಕ, ನಮಗೂ ಹೀಗೇ ಆಗಿತ್ತು. ಗೇಜ್ ಬಿಡಿ, ಕಾಟಾ ನಂಬಿ. ತೂಕ ಒಂದೇ ಸತ್ಯ.

ಹಳಬ_ಬಸವನಬಾಗೇವಾಡಿ

ಇದರಲ್ಲಿ ವಿಜ್ಞಾನ ಏನೂ ಇಲ್ಲ. ಸಿಲಿಂಡರಿನಲ್ಲಿ ನೀರು ತುಂಬಿ ಕಳುಹಿಸುತ್ತಾರೆ. ಖಾಲಿಯಾಯಿತು ಎಂದ ಮೇಲೂ ಅಲುಗಾಡಿಸಿದರೆ ಒಳಗೆ ಕುಲುಕುವ ಸದ್ದು ಬರುತ್ತದೆ. ಅದು ನೀರಲ್ಲದೆ ಮತ್ತೇನು?

ಆಸ್ಪತ್ರೆ_ತಂತ್ರಜ್ಞ

ನಾನು ಹನ್ನೆರಡು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ನೋಡಿಕೊಳ್ಳುತ್ತಿದ್ದೇನೆ. ಗೇಜ್ ನೋಡಿಯೇ ಎಷ್ಟು ಉಳಿದಿದೆ ಎಂದು ಹೇಳುತ್ತೇವೆ, ಅದರಲ್ಲಿ ರೋಗಿಯ ಜೀವ ಇರುತ್ತದೆ. ದೊಡ್ಡ ಸಿಲಿಂಡರ್ ತುಂಬಿದಾಗ 150 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದಷ್ಟು ಒತ್ತಡ) ತೋರಿಸಿದರೆ, ಅರ್ಧ ಮುಗಿದಾಗ 75 ತೋರಿಸುತ್ತದೆ. ಗೇಜಿನ ತತ್ತ್ವ ತಪ್ಪಲ್ಲ ಮೇಡಂ, ನಿಮಗೆ ಕೊಟ್ಟ ಗೇಜ್ ಕಳಪೆ. ಹಿಂದಿರುಗಿಸಿ ಹಣ ಕೇಳಿ.

ಭೌತಶಾಸ್ತ್ರ_ಬಾಗಲಕೋಟೆ

ತಂತ್ರಜ್ಞರೇ, ನೀವು ಹೇಳಿದ್ದು ಆಮ್ಲಜನಕಕ್ಕೆ ನೂರಕ್ಕೆ ನೂರು ಸರಿ, ಅಡುಗೆ ಅನಿಲಕ್ಕೆ ಅಲ್ಲ. ಗೇಜ್ ಕೆಟ್ಟಿಲ್ಲ. ಅದು ಒತ್ತಡವನ್ನು ಸರಿಯಾಗಿಯೇ ತೋರಿಸಿದೆ. ಒತ್ತಡ ನೋಡಿ ಪ್ರಮಾಣ ತಿಳಿಯುತ್ತದೆ ಎಂದು ಮಾರಿದವರು ಹೇಳಿದ್ದೇ ತಪ್ಪು.

ನಿಮ್ಮ ಆಮ್ಲಜನಕದ ಸಿಲಿಂಡರಿನ ಒಳಗೆ ಇರುವುದು ಬರೀ ಅನಿಲ. ಅದರ ಅಣುಗಳು ಅರ್ಧ ಹೊರಗೆ ಹೋದರೆ ಒತ್ತಡವೂ ಅರ್ಧವಾಗುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಇರುವುದು ಬಹುಪಾಲು ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ದ್ರವ. ಮೇಲಿನ ಸ್ವಲ್ಪ ಜಾಗದಲ್ಲಿ ಮಾತ್ರ ಅದರ ಆವಿ ಇರುತ್ತದೆ. ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ನೀರು ತುಂಬಿದರೆ 33.3 ಲೀಟರ್ ಹಿಡಿಯುತ್ತದೆ. 14.2 ಕಿಲೋ ಅನಿಲ ದ್ರವರೂಪದಲ್ಲಿ ಸುಮಾರು 26 ಲೀಟರ್ ಆಗುತ್ತದೆ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಉಳಿದ ಜಾಗವನ್ನು ಬೇಕೆಂದೇ ಬಿಟ್ಟಿರುತ್ತಾರೆ.

ನಮ್ಮ ಕಡೆಯವರಿಗೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ, ಗೊತ್ತಿದೆ. ಅಂಗಳದ ಹಗೇವಿನಲ್ಲಿ ಜೋಳ, ಅಡುಗೆಮನೆಯಲ್ಲಿ ಒಂದು ಡಬ್ಬಿ. ಡಬ್ಬಿಯಿಂದ ಒಂದು ಸೇರು ತೆಗೆದರೆ ಹಗೇವಿನಿಂದ ಒಂದು ಸೇರು ತಂದು ತುಂಬುತ್ತೇವೆ. ಡಬ್ಬಿ ಯಾವಾಗ ನೋಡಿದರೂ ತುಂಬಿದೆ. ಹಗೇವು ಬರಿದಾದ ದಿನದವರೆಗೂ ಅದು ತುಂಬಿಯೇ ಇರುತ್ತದೆ. ನಿಮ್ಮ ಗೇಜ್ ನೋಡುತ್ತಿರುವುದು ಡಬ್ಬಿಯನ್ನು. ನೀವು ಆವಿಯನ್ನು ಉರಿಸಿದಷ್ಟೂ ದ್ರವ ಕುದಿದು ಆ ಜಾಗ ತುಂಬುತ್ತದೆ. ಕೊನೆಯ ಹನಿ ದ್ರವ ಆವಿಯಾದ ಮೇಲೆ ಮಾತ್ರ ಮುಳ್ಳು ಬೇಗ ಬೇಗ ಬೀಳಲು ಆರಂಭಿಸುತ್ತದೆ, ಆಗ ನಿಮ್ಮ ಬಳಿ ಉಳಿದಿರುವುದು ಕೆಲವು ರೊಟ್ಟಿಗಳಿಗೆ ಸಾಲುವಷ್ಟು.

ಪಿಯುಸಿ_ವಿದ್ಯಾರ್ಥಿನಿ

ಸರ್, ಹಗೇವಿನ ಮಾತು ಅರ್ಥವಾಯಿತು. ಆದರೆ ಡಬ್ಬಿ ತುಂಬುವವರು ಮನುಷ್ಯರು, ಎಷ್ಟು ತುಂಬಬೇಕೆಂದು ನೋಡಿ ನಿಲ್ಲಿಸುತ್ತಾರೆ. ದ್ರವಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯುತ್ತದೆ? ದ್ರವ ಹೆಚ್ಚಿದ್ದಾಗ ಹೆಚ್ಚು ಆವಿ, ಕಡಿಮೆ ಇದ್ದಾಗ ಕಡಿಮೆ ಆವಿ ಏಕೆ ಆಗುವುದಿಲ್ಲ?

ಭೌತಶಾಸ್ತ್ರ_ಬಾಗಲಕೋಟೆ

ಒಳ್ಳೆಯ ಪ್ರಶ್ನೆ ಮಗಳೇ. ದ್ರವದ ಮೇಲ್ಮೈಯಿಂದ ಅಣುಗಳು ಸದಾ ಜಿಗಿದು ಹೊರಬರುತ್ತಿರುತ್ತವೆ. ಮೇಲಿನ ಆವಿಯಿಂದಲೂ ಅಣುಗಳು ಸದಾ ದ್ರವಕ್ಕೆ ಮರಳುತ್ತಿರುತ್ತವೆ. ಆವಿ ದಟ್ಟವಾದಷ್ಟೂ ಮರಳುವವು ಹೆಚ್ಚು. ಹೋಗುವವು ಮತ್ತು ಬರುವವು ಸಮವಾದ ಗಳಿಗೆಯಲ್ಲಿ ಒತ್ತಡ ಒಂದು ಕಡೆ ನಿಲ್ಲುತ್ತದೆ. ಹೊರಬರುವ ವೇಗವನ್ನು ನಿರ್ಧರಿಸುವುದು ತಾಪ. ಕೆಳಗೆ ಹತ್ತು ಲೀಟರ್ ದ್ರವ ಇದೆಯೋ ಅರ್ಧ ಲೀಟರ್ ಇದೆಯೋ ಎಂಬುದು ಮೇಲ್ಮೈಯಲ್ಲಿರುವ ಅಣುವಿಗೆ ಸಂಬಂಧಿಸಿದ್ದಲ್ಲ.

20 ಡಿಗ್ರಿಯಲ್ಲಿ ಶುದ್ಧ ಬ್ಯೂಟೇನಿನ ಆವಿಯ ಒತ್ತಡ ವಾತಾವರಣದ ಸುಮಾರು ಎರಡು ಪಟ್ಟು, ಪ್ರೊಪೇನಿನದು ಎಂಟು ಪಟ್ಟಿಗೂ ಮೇಲೆ. 40 ಡಿಗ್ರಿಗೆ ಹೋದರೆ ಬ್ಯೂಟೇನ್ ನಾಲ್ಕರ ಹತ್ತಿರ, ಪ್ರೊಪೇನ್ ಹದಿಮೂರನ್ನೂ ದಾಟುತ್ತದೆ. ಮೊದಲ ಪೋಸ್ಟಿನ ಮೇಡಂ ಕಂಡ ವಿಚಿತ್ರದ ಉತ್ತರ ಇಲ್ಲೇ ಇದೆ. ಮುಳ್ಳು ಬೆಳಗ್ಗೆ ಇಳಿದು ಮಧ್ಯಾಹ್ನ ಏರಿದ್ದು ಗ್ಯಾಸಿನ ಪ್ರಮಾಣದಿಂದಲ್ಲ. ಮೂರು ತಿಂಗಳು ನಿಮ್ಮ ಗೇಜ್ ಅಡುಗೆಮನೆಯ ತಾಪ ಹೇಳುತ್ತಿತ್ತು.

ಪಿಯುಸಿ_ವಿದ್ಯಾರ್ಥಿನಿ

ಹಾಗಾದರೆ ಒಳಗೆ ಕಾಣುವ ಪ್ಲಾಸ್ಟಿಕ್ ಲೈಟರಿನಲ್ಲೂ ಇದೇ ನಡೆಯುತ್ತದೆ ಅಲ್ಲವೇ? ಅದರಲ್ಲಿ ಬ್ಯೂಟೇನ್ ದ್ರವ ಕಣ್ಣಿಗೆ ಕಾಣುತ್ತದೆ. ಕೊನೆಯವರೆಗೂ ಉರಿ ಅಷ್ಟೇ ಎತ್ತರ. ದೇವರ ಕೋಣೆಯ ಲೈಟರ್ ನೋಡಿ ಈಗ ಹೊಳೆಯಿತು.

ಭೌತಶಾಸ್ತ್ರ_ಬಾಗಲಕೋಟೆ

ಅದೇ, ಅದೇ! ಇಷ್ಟು ಒಳ್ಳೆಯ ಉದಾಹರಣೆ ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ.

ಆಸ್ಪತ್ರೆ_ತಂತ್ರಜ್ಞ

ಗುರುಗಳೇ, ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮ ವಿವರಣೆ ಓದಿದ ಮೇಲೆ ನಮ್ಮ ಶಸ್ತ್ರಚಿಕಿತ್ಸಾ ಕೊಠಡಿಯದೇ ಉದಾಹರಣೆ ನೆನಪಾಯಿತು. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಇದೆಯಲ್ಲ, ಅದರ ಗೇಜ್ 50ರ ಆಸುಪಾಸಿನಲ್ಲಿ ನಿಂತು ದಿನಗಟ್ಟಲೆ ಕದಲುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಜಾರುತ್ತದೆ. ಅದನ್ನು ತೂಗಿಯೇ ಲೆಕ್ಕ ಇಡಬೇಕೆಂದು ಹಿರಿಯರು ಕಲಿಸಿದ್ದರು. ಕಲಿತಿದ್ದೆ, ಕಾರಣ ಮಾತ್ರ ಯೋಚಿಸಿರಲಿಲ್ಲ. ಅದರಲ್ಲೂ ದ್ರವವೇ ಇದೆ.

ಒಂದು ಸಂಶಯ ಉಳಿಯಿತು. ಆಮ್ಲಜನಕವನ್ನು 150ರ ಒತ್ತಡಕ್ಕೆ ಒತ್ತಿದರೂ ದ್ರವವಾಗುವುದಿಲ್ಲ, ನೈಟ್ರಸ್ ಆಕ್ಸೈಡ್ 50ಕ್ಕೇ ದ್ರವವಾಗುತ್ತದೆ. ಏಕೆ?

ಭೌತಶಾಸ್ತ್ರ_ಬಾಗಲಕೋಟೆ

ಪ್ರತಿ ಅನಿಲಕ್ಕೂ ಒಂದು ಕ್ರಾಂತಿಕ ತಾಪ ಇದೆ. ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ದ್ರವ ಬೇರ್ಪಡುವುದಿಲ್ಲ. ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡ್ ಮೇಲೆ ಪ್ರಯೋಗ ಮಾಡಿ 1869ರಲ್ಲಿ ಇದನ್ನು ಸ್ಪಷ್ಟಪಡಿಸಿದ. ಆಮ್ಲಜನಕದ ಕ್ರಾಂತಿಕ ತಾಪ ಸೊನ್ನೆಗಿಂತ 118 ಡಿಗ್ರಿ ಕೆಳಗೆ. ನೈಟ್ರಸ್ ಆಕ್ಸೈಡಿನದು 36 ಡಿಗ್ರಿಗೆ ತುಸು ಮೇಲೆ. ಪ್ರೊಪೇನ್ 97, ಬ್ಯೂಟೇನ್ 152. ಆದ್ದರಿಂದ ವಿಜಯಪುರದ ಯಾವ ಬೇಸಿಗೆಯಲ್ಲೂ ಅಡುಗೆ ಅನಿಲ ಸಿಲಿಂಡರಿನೊಳಗೆ ದ್ರವವಾಗಿಯೇ ಇರುತ್ತದೆ.

ಸಕ್ಕರೆ_ಕಾರ್ಖಾನೆ_ಮುಧೋಳ

ಇಂಗಾಲದ ಡೈಆಕ್ಸೈಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅದರ ಕ್ರಾಂತಿಕ ತಾಪ 31 ಡಿಗ್ರಿ. ಕಾರ್ಖಾನೆಯ ಸ್ವಿಚ್ ಕೋಣೆಯಲ್ಲಿ ಕಪ್ಪು ಕೊಂಬಿನ ಬೆಂಕಿ ಆರಿಸುವ ಸಿಲಿಂಡರ್ ಇದೆ, ಒಳಗೆ ಇದೇ ಅನಿಲ. ಅದಕ್ಕೆ ಗೇಜೇ ಇರುವುದಿಲ್ಲ. ಪರೀಕ್ಷೆಗೆ ಬಂದವರು ಪ್ರತಿ ಸಲವೂ ತೂಗಿ ನೋಡಿ ಚೀಟಿ ಅಂಟಿಸುತ್ತಾರೆ. ಗೇಜ್ ಹಾಕಲು ಜಿಪುಣತನ ಎಂದು ನಾವು ಅಂದುಕೊಂಡಿದ್ದೆವು. ಇನ್ನೂ ಒಂದು. ನಮ್ಮ ಚೈತ್ರ ವೈಶಾಖದಲ್ಲಿ ತಾಪ 40 ದಾಟಿದಾಗ ಆ ಸಿಲಿಂಡರಿನಲ್ಲಿ ದ್ರವ ಎಂಬುದೇ ಇರುವುದಿಲ್ಲ ಎಂದಾಯಿತು. ಚಳಿಗಾಲದಲ್ಲಿ ದ್ರವ, ಬೇಸಿಗೆಯಲ್ಲಿ ದ್ರವವೂ ಅಲ್ಲದ ಅನಿಲವೂ ಅಲ್ಲದ ಒಂದು ಸ್ಥಿತಿ. ಅದೇ ಕಬ್ಬಿಣದ ಬುಡ್ಡಿ, ಅದೇ ಮೂಲೆ!

ಸಿಎನ್‌ಜಿ_ಆಟೋ_ಬೆಳಗಾವಿ

ನನ್ನ ಆಟೋದ ಸಿಎನ್‌ಜಿ ಗೇಜ್ ಮಾತ್ರ ಸರಿಯಾಗಿ ಇಳಿಯುತ್ತದೆ. ಅದು ಮೀಥೇನ್ ಎಂದು ಕೇಳಿದ್ದೇನೆ. ಅದು ದ್ರವ ಅಲ್ಲವೇ? ಇನ್ನೊಂದು ದೂರು: ಮಧ್ಯಾಹ್ನ 200 ತುಂಬಿಸಿದರೆ ಬೆಳಗ್ಗೆ 180 ಚಿಲ್ಲರೆ ತೋರಿಸುತ್ತದೆ. ಆಟೋ ನಿಂತಲ್ಲೇ ನಿಂತಿರುತ್ತದೆ. ಪಂಪಿನವರು ಕಡಿಮೆ ತುಂಬುತ್ತಿದ್ದಾರೆ ಎಂದು ಎರಡು ಸಲ ಜಗಳ ಆಡಿದ್ದೇನೆ.

ಭೌತಶಾಸ್ತ್ರ_ಬಾಗಲಕೋಟೆ

ಮೀಥೇನಿನ ಕ್ರಾಂತಿಕ ತಾಪ ಸೊನ್ನೆಗಿಂತ 82 ಡಿಗ್ರಿ ಕೆಳಗೆ. ಆದ್ದರಿಂದ ನಿಮ್ಮ ತೊಟ್ಟಿಯಲ್ಲಿ ಬರೀ ಅನಿಲ, ಗೇಜನ್ನು ನಂಬಬಹುದು. ಜಗಳದ ವಿಷಯಕ್ಕೆ ಬಂದರೆ: ತುಂಬಿಸುವಾಗ ಒಳಗಿನ ಅನಿಲ ಒತ್ತಿಸಿಕೊಂಡು ಬಿಸಿಯಾಗುತ್ತದೆ, ಆಮೇಲೆ ತಣಿಯುತ್ತದೆ. 35 ಡಿಗ್ರಿಯಲ್ಲಿ 200 ಇದ್ದದ್ದು ಬೆಳಗಿನ 15 ಡಿಗ್ರಿಗೆ ಎಷ್ಟು? ತಾಪವನ್ನು ಕೆಲ್ವಿನ್ನಿಗೆ ಬದಲಿಸಿ: 308 ಮತ್ತು 288. 200ನ್ನು 288ರಿಂದ ಗುಣಿಸಿ 308ರಿಂದ ಭಾಗಿಸಿದರೆ 187. ಅಷ್ಟು ಒತ್ತಡದಲ್ಲಿ ಮೀಥೇನ್ ಆದರ್ಶ ಅನಿಲದಂತೆ ನಡೆಯುವುದಿಲ್ಲ, ಇನ್ನೂ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ನಿಮ್ಮ ಗ್ಯಾಸ್ ಎಲ್ಲಿಗೂ ಹೋಗಿಲ್ಲ. ಕಿಲೋ ಲೆಕ್ಕದಲ್ಲಿ ಕೊಂಡಿದ್ದೀರಿ, ಕಿಲೋ ಹಾಗೆಯೇ ಇದೆ.

ಸಿಎನ್‌ಜಿ_ಆಟೋ_ಬೆಳಗಾವಿ

ನಾಳೆ ಹೋಗಿ ಆ ಹುಡುಗನಿಗೆ ಒಂದು ಚಹಾ ಕುಡಿಸುತ್ತೇನೆ.

ಹಳಬ_ಬಸವನಬಾಗೇವಾಡಿ

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕುಲುಕುವ ಸದ್ದು ಯಾವುದು?

ಖಾನಾವಳಿ_ಬೆಳಗಾವಿ

ಕಾಕಾ, ಅದು ಗ್ಯಾಸೇ. ದ್ರವವಾಗಿರುವ ಗ್ಯಾಸ್. ನಮ್ಮ ಖಾನಾವಳಿಯಲ್ಲಿ ಚಳಿಗಾಲದಲ್ಲಿ ಇದು ವಾರಕ್ಕೊಮ್ಮೆ ಆಗುತ್ತದೆ. 19 ಕಿಲೋದ ಸಿಲಿಂಡರಿನಿಂದ ಮೂರು ದೊಡ್ಡ ಬರ್ನರ್ ಒಟ್ಟಿಗೆ ಹಚ್ಚಿದರೆ ಒಂದು ಹೊತ್ತಿಗೆ ಉರಿ ಕುಂದುತ್ತದೆ. ಮುಟ್ಟಿದರೆ ಸಿಲಿಂಡರ್ ಹಿಮದಂತೆ ತಣ್ಣಗೆ. ಬಿಚ್ಚಿ ಬದಿಗಿಟ್ಟು ಮಧ್ಯಾಹ್ನ ಮತ್ತೆ ಹಾಕಿದರೆ ಗಂಟೆಗಟ್ಟಲೆ ಉರಿಯುತ್ತದೆ. ನೀರಾಗಿದ್ದರೆ ಉರಿಯುತ್ತಿತ್ತೇ? ಈಗ ಎರಡೆರಡು ಸಿಲಿಂಡರ್ ಜೋಡಿಸಿಕೊಂಡಿದ್ದೇವೆ, ಆ ತೊಂದರೆ ಇಲ್ಲ.

ಹಳಬ_ಬಸವನಬಾಗೇವಾಡಿ

ತಣ್ಣಗಾಗುವುದನ್ನು ನಾನೂ ಕಂಡಿದ್ದೇನೆ, ಒಪ್ಪುತ್ತೇನೆ. ಆದರೆ ನಮ್ಮ ಊರಿನಲ್ಲಿ ಅದಕ್ಕೆ ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ಇಲ್ಲವೇ ಬುಟ್ಟಿಯಲ್ಲಿ ಕುದಿಯುವ ನೀರು ಹಾಕಿ ಅದರಲ್ಲಿ ನಿಲ್ಲಿಸುತ್ತಾರೆ. ಉರಿ ಜೋರಾಗಿ ಬರುತ್ತದೆ. ಅದೂ ಸುಳ್ಳೇ?

ಭೌತಶಾಸ್ತ್ರ_ಬಾಗಲಕೋಟೆ

ಸುಳ್ಳಲ್ಲ, ಅಪಾಯ. ದಯವಿಟ್ಟು ಇದನ್ನು ಇಲ್ಲಿಗೇ ನಿಲ್ಲಿಸಿ, ಊರಿನಲ್ಲಿ ಉಳಿದವರಿಗೂ ಹೇಳಿ.

ಸಿಲಿಂಡರ್ ನೆಟ್ಟಗೆ ನಿಂತಾಗ ರೆಗ್ಯುಲೇಟರಿಗೆ ಆವಿ ಹೋಗುತ್ತದೆ. ಮಲಗಿಸಿದರೆ ದ್ರವವೇ ಹೋಗುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಆಗುತ್ತದೆ. ಆವಿಗೆಂದು ಮಾಡಿದ ರೆಗ್ಯುಲೇಟರ್ ಮತ್ತು ಒಲೆಯ ಸಣ್ಣ ತೂತು ಅದನ್ನು ತಾಳುವುದಿಲ್ಲ, ಉರಿ ಒಮ್ಮೆಲೇ ಭುಗಿಲೇಳಬಹುದು. ಸೋರಿದರೆ ಇನ್ನೂ ಕಷ್ಟ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕುದಿಯುವ ನೀರಿನಲ್ಲಿ ನಿಲ್ಲಿಸುವುದೂ ಬೇಡ. ತಾಪ ಏರಿದಂತೆ ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ಮೇಲೆ ಅಂಕಿ ಕೊಟ್ಟಿದ್ದೇನೆ.

ಉರಿ ಕುಂದುವುದು ಏಕೆಂದು ಲೆಕ್ಕ ಹಾಕೋಣ. ಒಂದು ಕಿಲೋ ದ್ರವ ಆವಿಯಾಗಲು ಸುಮಾರು 350 ಕಿಲೋಜೂಲ್ ಶಾಖ ಬೇಕು. ಅದು ಬರುವುದು ಆ ದ್ರವದಿಂದ, ಉಕ್ಕಿನಿಂದ, ಸುತ್ತಲಿನ ಗಾಳಿಯಿಂದ. ತಾಸಿಗೆ 200 ಗ್ರಾಂ ಉರಿಸಿದರೆ 70 ಕಿಲೋಜೂಲ್. ಗಾಳಿಯಿಂದ ಏನೂ ಬರಲಿಲ್ಲ ಎಂದುಕೊಳ್ಳಿ. ತುಂಬಿದ ಸಿಲಿಂಡರ್ ತಾಸಿಗೆ ಒಂದೂವರೆ ಡಿಗ್ರಿಯಷ್ಟು ತಣಿಯುತ್ತದೆ. ಮೂರೇ ಕಿಲೋ ಉಳಿದಿದ್ದರೆ ನಾಲ್ಕೈದು ಡಿಗ್ರಿ. ಜೊತೆಗೆ ಪ್ರೊಪೇನ್ ಬೇಗ ಆವಿಯಾಗಿ ಮೊದಲು ಖರ್ಚಾಗುವುದರಿಂದ ಕೊನೆಗೆ ಉಳಿಯುವುದರಲ್ಲಿ ಬ್ಯೂಟೇನ್ ಪಾಲು ಹೆಚ್ಚು. ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಚಳಿಗಾಲದ ಬೆಳಗು, ತಳದಲ್ಲಿ ಸ್ವಲ್ಪ ಬ್ಯೂಟೇನ್, ಒಂದೇ ಸಮನೆ ಉರಿಯುವ ಒಲೆ: ಉರಿ ಕುಂದದೆ ಇನ್ನೇನಾದೀತು?

ಹಳಬ_ಬಸವನಬಾಗೇವಾಡಿ

ಸರಿ. ನೀರಿನ ಮಾತು ಬಿಟ್ಟೆ. ಮಲಗಿಸುವುದನ್ನೂ ನಿಲ್ಲಿಸುತ್ತೇವೆ. ತೂಕದಲ್ಲಿ ಮೋಸ ಆಗುವುದಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ.

ಖಾನಾವಳಿ_ಬೆಳಗಾವಿ

ಅದಕ್ಕೇ ಮನೆಗೆ ತಂದಾಗಲೇ ತೂಗಿಸಿಕೊಳ್ಳಬೇಕು ಕಾಕಾ. ತಂದವರು ಕಾಟಾ ಹಿಡಿದೇ ಬರಬೇಕು, ಕೇಳುವುದು ಗ್ರಾಹಕರ ಹಕ್ಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಪ್ರತಿ ಸಿಲಿಂಡರಿಗೂ ಬೇರೆ. ಅದಕ್ಕೆ 14.2 ಕೂಡಿಸಿ ನೋಡಿ.

ಇಳಕಲ್_ಸೊಸೆ

ಒದ್ದೆ ಬಟ್ಟೆಯ ವಿಷಯ ಎಲ್ಲರೂ ಮರೆತಿರಿ. ನಮ್ಮ ಅವ್ವನೂ ಹಾಗೆಯೇ ನೋಡುತ್ತಿದ್ದಳು. ಮೇಲಿನ ಭಾಗ ಬೇಗ ಒಣಗುತ್ತದೆ, ಕೆಳಗೆ ತೇವ ಉಳಿಯುತ್ತದೆ. ತೇವ ಇರುವವರೆಗೆ ಗ್ಯಾಸ್. ಅದು ಏಕೆ ಹಾಗೆ?

ಆಸ್ಪತ್ರೆ_ತಂತ್ರಜ್ಞ

ಕೆಳಗಿನ ದ್ರವ ತಣ್ಣಗಿರುವುದರಿಂದ.

ಸಕ್ಕರೆ_ಕಾರ್ಖಾನೆ_ಮುಧೋಳ

ಅಷ್ಟೇ ಅಲ್ಲ. ರಾತ್ರಿಯಿಡೀ ಒಲೆ ಹಚ್ಚದೆ ಬಿಟ್ಟು, ಸಿಲಿಂಡರ್ ಪೂರ್ತಿ ಒಂದೇ ತಾಪಕ್ಕೆ ಬಂದಮೇಲೆ ಒರೆಸಿದರೂ ಗೆರೆ ಕಾಣುತ್ತದೆ. ಬಟ್ಟೆಯ ನೀರು ಆವಿಯಾಗುವಾಗ ಉಕ್ಕಿನಿಂದ ಶಾಖ ಕದಿಯುತ್ತದೆ, ಇಲ್ಲವೇ ಬೆಚ್ಚಗಿನ ನೀರಾದರೆ ಉಕ್ಕಿಗೆ ಶಾಖ ಕೊಡುತ್ತದೆ. ಉಕ್ಕಿನ ಹಿಂದೆ ದ್ರವ ಇದ್ದರೆ ಅದು ಆ ಬದಲಾವಣೆಯನ್ನು ತಕ್ಷಣ ನುಂಗಿಬಿಡುತ್ತದೆ. ಆವಿ ಇದ್ದರೆ ನುಂಗಲು ಅಲ್ಲಿ ಏನೂ ಇಲ್ಲ. ಅದಕ್ಕೇ ಬೆಚ್ಚಗಿನ ನೀರು ಒಂದು ಚೊಂಬು ಪಕ್ಕದಲ್ಲಿ ಸುರಿದು ಅಂಗೈ ಆಡಿಸಿದರೆ ಗೆರೆ ಇನ್ನೂ ಚೆನ್ನಾಗಿ ಸಿಗುತ್ತದೆ. ಮೇಲೆ ಬೆಚ್ಚಗೆ, ಒಂದು ಕಡೆಯಿಂದ ಕೆಳಗೆ ಥಟ್ಟನೆ ತಣ್ಣಗೆ.

ಆಸ್ಪತ್ರೆ_ತಂತ್ರಜ್ಞ

ಒಲೆ ಉರಿಯುತ್ತಿರುವಾಗ ದ್ರವವೇ ತಣಿದಿರುತ್ತದೆ ಎಂದು ಗುರುಗಳೇ ಲೆಕ್ಕ ಹಾಕಿ ತೋರಿಸಿದ್ದಾರಲ್ಲ. ನಾನು ಹೇಳಿದ್ದು ಅದನ್ನೇ. ತಣ್ಣಗಿನ ಉಕ್ಕಿನ ಮೇಲಿನ ನೀರು ನಿಧಾನ ಒಣಗುತ್ತದೆ.

ಖಾನಾವಳಿ_ಬೆಳಗಾವಿ

ಇಬ್ಬರೂ ಸರಿ. ನಮ್ಮ ಬೆಳಗಾವಿಯಲ್ಲಿ ಮಳೆಗಾಲದಲ್ಲಿ ಬಟ್ಟೆಯೂ ಬೇಡ. ಒಲೆ ಒಂದು ತಾಸು ಉರಿದರೆ ಸಿಲಿಂಡರಿನ ಮೈ ತಾನಾಗಿಯೇ ಬೆವರುತ್ತದೆ, ದ್ರವ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮಾತ್ರ. ಗೀಟು ಎಳೆದಂತೆ ಕಾಣುತ್ತದೆ. ವಿಜಯಪುರದ ಅಕ್ಕನಿಗೆ ಅದು ಕಾಣಸಿಗುವುದು ಕಡಿಮೆ, ಅಲ್ಲಿಯ ಗಾಳಿಯಲ್ಲಿ ಅಷ್ಟು ನೀರಿನ ಆವಿ ಇಲ್ಲ. ಅದಕ್ಕೇ ಅತ್ತೆಯವರು ನೀರನ್ನು ತಾವೇ ಹಚ್ಚಬೇಕಾಯಿತು.

ತಿಕೋಟಾ_ದ್ರಾಕ್ಷಿ

ನಮ್ಮ ಗಾಳಿ ಒಣಗಿರುವುದರಿಂದಲೇ ನಾವು ಬದುಕಿದ್ದೇವೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೋ ಮಣೂಕ. ಮೂರು ಲೀಟರ್ ನೀರು ಬಿಸಿಲಿಗಲ್ಲ, ನೆರಳಿನಲ್ಲಿ, ಬರೀ ಗಾಳಿಗೆ ಆವಿಯಾಗಿ ಹೋಗಬೇಕು. ಹಣ್ಣಿನ ಮೇಲಿನ ಮೇಣದ ಪೊರೆ ನೀರನ್ನು ಬಿಡುವುದಿಲ್ಲ, ಆದ್ದರಿಂದ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಹರಡುತ್ತೇವೆ. ಆ ಎರಡು ಮೂರು ವಾರದಲ್ಲಿ ಮೋಡ ಕವಿದು ಗಾಳಿ ತೇವವಾದರೆ ತಾಪ ಎಷ್ಟಿದ್ದರೂ ಹಣ್ಣು ಒಣಗುವುದಿಲ್ಲ, ಕಪ್ಪಾಗುತ್ತದೆ. ಮಾರ್ಚಿನಲ್ಲಿ ಒಂದು ಮೋಡ ಕಂಡರೂ ಎದೆ ಝಲ್ಲೆನ್ನುತ್ತದೆ.

ಇಳಕಲ್_ಸೊಸೆ

ನಮ್ಮ ಮನೆಯ ಕೂಲರ್ ಕೂಡ ಹಾಗೆಯೇ. ಮೇ ತಿಂಗಳಲ್ಲಿ ಸ್ವರ್ಗ, ಜೂನ್ ಮಳೆ ಬಂದ ಮೇಲೆ ಮೈಗೆಲ್ಲ ಅಂಟು. ಮಣ್ಣಿನ ರಂಜಣಿಗೆಯ ನೀರೂ ಮಳೆಗಾಲದಲ್ಲಿ ತಣ್ಣಗಾಗುವುದಿಲ್ಲ.

ಪಿಯುಸಿ_ವಿದ್ಯಾರ್ಥಿನಿ

ಅದನ್ನು ನಾನು ಲೆಕ್ಕ ಹಾಕಿದೆ. 30 ಡಿಗ್ರಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2430 ಜೂಲ್ ಬೇಕು. ಹತ್ತು ಲೀಟರ್ ನೀರು ಹತ್ತು ಡಿಗ್ರಿ ತಣ್ಣಗಾಗಲು ಮಣ್ಣಿನ ಮೈಯಿಂದ ಸುಮಾರು 175 ಗ್ರಾಂ ಆವಿಯಾದರೆ ಸಾಕು, ಒಂದು ಲೋಟದಷ್ಟು! ಹೊರಗಿನ ಶಾಖ ಒಳಗೆ ಬರುವುದರಿಂದ ನಿಜದಲ್ಲಿ ಹೆಚ್ಚು ಬೇಕಾಗುತ್ತದೆ. ಸರ್, ಲೆಕ್ಕ ಸರಿಯೇ?

ಭೌತಶಾಸ್ತ್ರ_ಬಾಗಲಕೋಟೆ

ಸರಿ ಇದೆ. ಎಷ್ಟು ತಣ್ಣಗಾಗಬಹುದು ಎಂಬುದಕ್ಕೂ ಒಂದು ಮಿತಿ ಇದೆ. ಗಾಳಿ 40 ಡಿಗ್ರಿ, ಆರ್ದ್ರತೆ ಶೇಕಡ 20 ಇದ್ದರೆ ನೀರು 22–23 ಡಿಗ್ರಿಯವರೆಗೆ ಇಳಿಯಬಲ್ಲದು. ಮಳೆಗಾಲದಲ್ಲಿ 30 ಡಿಗ್ರಿ, ಶೇಕಡ 80 ಇದ್ದರೆ 27ರ ಆಸುಪಾಸಿಗೇ ನಿಲ್ಲುತ್ತದೆ. ಕೂಲರಿನ ಕಥೆ ಇಷ್ಟೇ.

ಬೆಲ್ಲದಗಾಣ_ಮಹಾಲಿಂಗಪುರ

ಆವಿಯ ಮಾತು ನಡೆದಿರುವಾಗ ಒಂದು ಕೇಳುತ್ತೇನೆ. ನಮ್ಮ ಕಡಾಯಿಯಲ್ಲಿ ಕಬ್ಬಿನ ಹಾಲು ಮೊದಲು ನೀರಿನಂತೆ 100ರ ಹತ್ತಿರ ಕುದಿಯುತ್ತದೆ. ಪಾಕ ಗಟ್ಟಿಯಾದಂತೆ ತಾಪ ಏರುತ್ತಾ ಹೋಗಿ, ಇಳಿಸುವ ಹದಕ್ಕೆ ಬಂದಾಗ 115 ದಾಟಿರುತ್ತದೆ. ಎರಡು ನಿಮಿಷ ತಡವಾದರೂ ಬೆಲ್ಲ ಕಪ್ಪು, ಸೀದ ವಾಸನೆ. ಕಾರ್ಖಾನೆಯಲ್ಲಿ ಅದೇ ಹಾಲಿನಿಂದ ಬೆಳ್ಳನೆಯ ಸಕ್ಕರೆ ಹೇಗೆ ತೆಗೆಯುತ್ತೀರಿ? ಅಲ್ಲಿ ಸೀಯುವುದಿಲ್ಲವೇ?

ಸಕ್ಕರೆ_ಕಾರ್ಖಾನೆ_ಮುಧೋಳ

ಅಣ್ಣ, ಕಾರ್ಖಾನೆಯಲ್ಲಿ ಸುಣ್ಣ ಮತ್ತು ಗಂಧಕದ ಹೊಗೆಯಿಂದ ಹಾಲನ್ನು ಮೊದಲೇ ತಿಳಿಗೊಳಿಸುತ್ತಾರೆ, ಅದು ಒಂದು ಕಾರಣ. ಇನ್ನೊಂದು ನಿರ್ವಾತ. ಮುಚ್ಚಿದ ಪ್ಯಾನಿನ ಒಳಗಿನ ಗಾಳಿಯನ್ನು ಎಳೆದುಹಾಕಿ ಒತ್ತಡ ಇಳಿಸುತ್ತಾರೆ. ಒತ್ತಡ ಇಳಿದರೆ ಕುದಿಯುವ ತಾಪವೂ ಇಳಿಯುತ್ತದೆ. ಪಾಕ 65–70 ಡಿಗ್ರಿಯಲ್ಲೇ ಕುದಿಯುತ್ತದೆ. ಗಾಜಿನ ಕಿಂಡಿಯಲ್ಲಿ ನೋಡಿದರೆ ಕೊತಕೊತ ಕುದಿಯುತ್ತಿರುತ್ತದೆ, ಆದರೆ ನಿಮ್ಮ ಕಡಾಯಿಯ ಬಿಸಿಯ ಹತ್ತಿರಕ್ಕೂ ಬರುವುದಿಲ್ಲ. ಸೀಯುವ ಮಾತೇ ಇಲ್ಲ.

ಖಾನಾವಳಿ_ಬೆಳಗಾವಿ

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಇಲ್ಲಿ ನೀರು ಕುದಿಯುವುದು 97–98 ಡಿಗ್ರಿಗೆ. ಕಾರವಾರದಿಂದ ಬಂದ ನಮ್ಮ ಅಡುಗೆಯವರು ತೊಗರಿಬೇಳೆ ಬೇಯುವುದಿಲ್ಲ ಎಂದು ಗೊಣಗುವುದು ಇದಕ್ಕೇ ಇರಬೇಕು.

ಬೆಲ್ಲದಗಾಣ_ಮಹಾಲಿಂಗಪುರ

ಎರಡು ಡಿಗ್ರಿಗೆ ಬೇಳೆ ಅಷ್ಟೇನೂ ತಡವಾಗುವುದಿಲ್ಲ. ನೀರಿನ ಗಡಸುತನ ನೋಡಿಸಿ.

ವೇದಿಕೆ_ನಿರ್ವಾಹಕ

ಬೆಲ್ಲ, ಬೇಳೆ, ದ್ರಾಕ್ಷಿ ಎಲ್ಲವೂ ಸೊಗಸಾಗಿದೆ. ಬೇಳೆಗೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ಉತ್ತರ ಸಿಕ್ಕಿತೇ?

ರೊಟ್ಟಿಮನೆ_ವಿಜಯಪುರ

ಸಿಕ್ಕಿತು, ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ದಿನ ಬರೆಯದೆ ಇದ್ದದ್ದು ಪರೀಕ್ಷೆ ಮಾಡುತ್ತಿದ್ದೆ ಎಂಬ ಕಾರಣಕ್ಕೆ. ಪಕ್ಕದ ಓಣಿಯ ಅಡತಿ ಅಂಗಡಿಯಿಂದ ಕಾಟಾ ತಂದೆವು. ಹೊಸ ಸಿಲಿಂಡರ್ ಬರುವವರೆಗೆ ತಂಗಿಯ ಮನೆಯದು ತಂದಿದ್ದೆ, ಅದನ್ನು ತೂಗಿದೆ. ಒಟ್ಟು 19.1 ಕಿಲೋ. ಮೇಲೆ ಬರೆದಿದ್ದ ಖಾಲಿ ತೂಕ 15.6. ಒಳಗೆ ಇರುವುದು ಮೂರೂವರೆ ಕಿಲೋ.

ಆಮೇಲೆ ಅತ್ತೆಯವರನ್ನು ಕರೆದೆ. ತೂಕ ಎಷ್ಟೆಂದು ಹೇಳಲಿಲ್ಲ. ಅವರು ಬಟ್ಟೆ ಹಿಂಡಿ ಮೇಲಿನಿಂದ ಕೆಳಗೆ ಒರೆಸಿ, ಸ್ವಲ್ಪ ಹೊತ್ತು ಕಾದು, ಸೀಮೆಸುಣ್ಣದಿಂದ ಗೆರೆ ಎಳೆದರು. ಬುಡದಿಂದ ಅರ್ಧ ಗೇಣಿಗಿಂತ ತುಸು ಮೇಲೆ. "ಕಾಲು ಪಾಲೂ ಇಲ್ಲ, ಒಂದು ವಾರಕ್ಕೆ ಬಂದೀತು" ಎಂದರು. ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಕಿಲೋ ಖರ್ಚು ಎಂದು ಹಿಡಿದರೆ ಮೂರೂವರೆ ಕಿಲೋ ಸರಿಯಾಗಿ ಒಂದು ವಾರ. ಗೇಜ್ ಹಾಕಿ ನೋಡಿದೆ: ಹಸಿರು.

ಭೌತಶಾಸ್ತ್ರ_ಬಾಗಲಕೋಟೆ

33 ಲೀಟರಿನ ಬುಡ್ಡಿಯಲ್ಲಿ ಮೂರೂವರೆ ಕಿಲೋ ಎಂದರೆ ಆರೂವರೆ ಲೀಟರ್ ದ್ರವ, ಐದರಲ್ಲಿ ಒಂದು ಪಾಲು. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಳಕಲ್_ಸೊಸೆ

ಹಾಗಾದರೆ ಆ ಗೇಜನ್ನು ಏನು ಮಾಡುತ್ತೀರಿ? ಎಸೆಯುತ್ತೀರಾ?

ಆಸ್ಪತ್ರೆ_ತಂತ್ರಜ್ಞ

ಎಸೆಯಬೇಡಿ. ಸೋರಿಕೆ ನೋಡಲು ಬಳಸಬಹುದು. ಕೆಲವು ಗೇಜುಗಳಲ್ಲಿ ಸಿಲಿಂಡರ್ ಕಡೆಯ ಹರಿವು ನಿಲ್ಲಿಸುವ ಗುಂಡಿ ಇರುತ್ತದೆ. ಒಲೆಯ ತಿರುಪುಗಳನ್ನೆಲ್ಲ ಮುಚ್ಚಿ, ಅದನ್ನು ಒತ್ತಿ, ಹತ್ತು ನಿಮಿಷ ಬಿಟ್ಟು ನೋಡಿ. ಆಗ ಮುಳ್ಳಿನ ಹಿಂದೆ ದ್ರವ ಇರುವುದಿಲ್ಲ, ಪೈಪಿನಲ್ಲಿ ಸಿಕ್ಕಿಬಿದ್ದ ಸ್ವಲ್ಪ ಆವಿ ಮಾತ್ರ. ಸೋರಿದರೆ ಮುಳ್ಳು ಇಳಿಯಲೇಬೇಕು. ನಮ್ಮ ಆಮ್ಲಜನಕದ ಲೆಕ್ಕವೇ ಅಲ್ಲಿ ನಡೆಯುತ್ತದೆ. ಜೊತೆಗೆ ಸಾಬೂನಿನ ನೊರೆ ಹಚ್ಚಿ ನೋಡುವುದನ್ನು ಬಿಡಬೇಡಿ.

ರೊಟ್ಟಿಮನೆ_ವಿಜಯಪುರ

ನಮ್ಮದರಲ್ಲಿ ಆ ಗುಂಡಿ ಇದೆ, ಇವತ್ತೇ ನೋಡುತ್ತೇನೆ. ಸೀಮೆಸುಣ್ಣದ ಗೆರೆಯನ್ನು ಅತ್ತೆಯವರು ಈಗ ದಿನಾ ಬೆಳಗ್ಗೆ ಎಳೆಯುತ್ತಿದ್ದಾರೆ, ಪಕ್ಕದಲ್ಲಿ ನಾನು ತೂಕ ಬರೆಯುತ್ತೇನೆ. ಇವತ್ತು 18.6. ಗೆರೆ ಒಂದು ಬೆರಳಿನಷ್ಟು ಕೆಳಗಿಳಿದಿದೆ. ಹೊಸದನ್ನು ನಿನ್ನೆಯೇ ಬುಕ್ ಮಾಡಿದೆ.